ಹುರುಕು ಹತ್ತಿದ ನಾಯಿಗೆ ಸುಟ್ಟ ಆಯಿಲ್ ಬೇಡ

ನಮ್ಮ ಕಡೆ ನಾಯಿಗೆ ಹುರುಕು ಹತ್ತಿತೆಂದರೆ ಜನ ಮೊದಲು ಹೋಗುವುದು ಗ್ಯಾರೇಜಿಗೆ. ಟ್ರ್ಯಾಕ್ಟರ್‌ನಿಂದಲೋ ಬೈಕಿನಿಂದಲೋ ಇಳಿಸಿದ ಕರಿ ಆಯಿಲ್ ಒಂದು ಡಬ್ಬಿ ತಂದು, ಹಳೆ ಬಟ್ಟೆ ಅದ್ದಿ, ನಾಯಿಯ ಮೈಗೆಲ್ಲ ಬಳಿಯುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳಲ್ಲಿ ಈ ಮದ್ದು ಹೇಳುವವರಿಗೆ ಕೊರತೆ ಇಲ್ಲ. "ಎರಡ ಸಲ ಹಚ್ಚರಿ, ಎಲ್ಲಾ ಉದರಿ ಹೋಗ್ತೈತಿ" ಅನ್ನುತ್ತಾರೆ. ಇನ್ನು ಕೆಲವರು ಕಬ್ಬಿಗೆ ಹೊಡೆಯಲು ತಂದ ಎಣ್ಣಿಯನ್ನೇ ಬಕೆಟ್ ನೀರಿಗೆ ಬೆರೆಸಿ ನಾಯಿಯ ಮೇಲೆ ಸುರಿಯುತ್ತಾರೆ.

ಹೀಗೆ ಮಾಡುವವರಿಗೆ ನಾಯಿಯ ಮೇಲೆ ಸಿಟ್ಟೇನೂ ಇರುವುದಿಲ್ಲ. ಅದು ರಾತ್ರಿಯಿಡೀ ಕೆರೆದುಕೊಳ್ಳುವುದನ್ನು ನೋಡಲಾಗದೆ ಮಾಡುತ್ತಾರೆ. ಆದರೂ ಈ ಎರಡೂ ಮದ್ದನ್ನು ನಮ್ಮ ಊರುಗಳು ಬಿಡಬೇಕು ಎನ್ನುವುದು ನಮ್ಮ ಮಾತು. ಇದರಲ್ಲಿ ನಾಯಿಯ ಜೀವದ ಜೊತೆಗೆ ಮನೆಯ ಮಕ್ಕಳ ಆರೋಗ್ಯವೂ ಇದೆ.

"ಆದರ ಆಯಿಲ್ ಹಚ್ಚಿದ ಮ್ಯಾಲ ಕಡಿಮಿ ಆಗೈತಲ್ರಿ?" ಎಂದು ಕೇಳುವವರಿದ್ದಾರೆ. ಒಪ್ಪೋಣ. ದಪ್ಪ ಎಣ್ಣೆ ಮೈಗೆ ಮೆತ್ತಿದಾಗ ಉಸಿರು ಕಟ್ಟಿ ಕೆಲವು ಹುಳ ಸಾಯುತ್ತವೆ. ಹಾಗಾಗಿ ನಾಲ್ಕು ದಿನ ಕಡಿಮೆಯಾದಂತೆ ಕಾಣುತ್ತದೆ. ಆದರೆ ಎಂಜಿನ್‌ನಲ್ಲಿ ಸುಟ್ಟ ಆಯಿಲ್‌ನಲ್ಲಿ ಮಸಿ ಇರುತ್ತದೆ, ಸವೆದ ಲೋಹದ ಪುಡಿ ಇರುತ್ತದೆ, ವಿಷದ ರಾಸಾಯನಿಕಗಳಿರುತ್ತವೆ. ಕೆರೆದು ಗಾಯವಾದ ಚರ್ಮವನ್ನು ಅದು ಇನ್ನಷ್ಟು ಸುಡುತ್ತದೆ. ನಾಯಿ ತನ್ನ ಮೈ ನೆಕ್ಕದೆ ಇರುವುದಿಲ್ಲ. ನೆಕ್ಕಿದ್ದೆಲ್ಲ ಹೊಟ್ಟೆಗೆ ಹೋಗಿ ವಾಂತಿ, ಭೇದಿ ಹತ್ತುತ್ತದೆ. ಹೆಚ್ಚಾದರೆ ಲಿವರ್, ಕಿಡ್ನಿಗೂ ಪೆಟ್ಟು ಬೀಳುತ್ತದೆ.

ಬೆಳೆಗೆ ಹೊಡೆಯುವ ಎಣ್ಣಿ ಇನ್ನೂ ಕೆಟ್ಟದ್ದು. ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಸೆಳೆತ ಬರುತ್ತದೆ. ಕೆಲವೇ ತಾಸಿನಲ್ಲಿ ನಾಯಿ ಸಾಯಬಹುದು. ಹಾಗೆ ಸತ್ತ ನಾಯಿಯನ್ನು ನೋಡಿ ಜನ "ಹುರುಕು ನೆತ್ತಿಗೇರಿತು" ಅನ್ನುತ್ತಾರೆ. ಹುರುಕು ಎಂದೂ ಒಂದೇ ದಿನದಲ್ಲಿ ನಾಯಿಯನ್ನು ಕೊಲ್ಲುವುದಿಲ್ಲ.

ಈಗಾಗಲೇ ಆಯಿಲ್ ಹಚ್ಚಿದ್ದರೆ ಅದನ್ನು ಸೀಮೆಎಣ್ಣೆಯಿಂದ ಒರೆಸಬೇಡಿ. ಅಡುಗೆ ಎಣ್ಣೆ ಸವರಿ ಸಡಿಲ ಮಾಡಿ, ಆಮೇಲೆ ಸಾಬೂನು, ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಬೆಳೆಯ ಔಷಧಿ ಬಿದ್ದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸಾಬೂನು ಹಚ್ಚಿ ಸಾಕಷ್ಟು ನೀರು ಸುರಿಯಿರಿ. ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ. ಔಷಧಿಯ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ನೋಡಿದರೆ ಡಾಕ್ಟರಿಗೆ ಚಿಕಿತ್ಸೆ ಸುಲಭ.

ಹಾಗಾದರೆ ತುರಿಕೆಗೆ ಏನು ಮಾಡಬೇಕು? ಮೊದಲು ಯಾತಕ್ಕೆ ಕೆರೆಯುತ್ತಿದೆ ಎಂದು ನೋಡಬೇಕು. ಎಲ್ಲ ತುರಿಕೆಯೂ ಹುರುಕಲ್ಲ.

ಕಬ್ಬು ಕಡಿಯುವ ಚಳಿ ದಿನಗಳಲ್ಲಿ ಗಾಳಿ ಒಣಗಿರುತ್ತದೆ. ನಾಯಿಗಳು ಬೆಚ್ಚಗಿರಲಿ ಎಂದು ಗಾಣದ ಒಲೆಯ ಬೂದಿಯಲ್ಲಿ ಮಲಗುತ್ತವೆ. ಬೂದಿ ಚರ್ಮವನ್ನು ಇನ್ನೂ ಒಣಗಿಸುತ್ತದೆ. ಮೈಮೇಲೆ ಬಿಳಿ ಹೊಟ್ಟು ಉದುರುತ್ತಿದ್ದು, ಕೂದಲು ಹಾಗೇ ಇದ್ದರೆ ಅದು ಬರೀ ಒಣ ಚರ್ಮ ಇರಬಹುದು. ನಾವು ಹಚ್ಚಿಕೊಳ್ಳುವ ಸಾಬೂನು, ಬಟ್ಟೆ ಒಗೆಯುವ ಪುಡಿ ನಾಯಿಯ ಮೈಗೆ ಹಾಕುವುದರಿಂದಲೂ ಹೀಗಾಗುತ್ತದೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಮೈ ತೊಳೆಯುವುದು ಕಡಿಮೆ ಮಾಡಿ, ನಾಯಿಯ ಶಾಂಪೂ ಬಳಸಿ, ಸಾಬೂನಿನ ಅಂಶ ಉಳಿಯದಂತೆ ತೊಳೆದು, ತುಸು ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿದರೆ ಇದು ಕಡಿಮೆಯಾಗುತ್ತದೆ.

ಊಟವನ್ನೂ ನೋಡಬೇಕು. ಬರೀ ರೊಟ್ಟಿ, ಮಜ್ಜಿಗೆ ತಿಂದು ಬೆಳೆದ ನಾಯಿಯ ಕೂದಲು ಹೊಳಪು ಕಳೆದುಕೊಳ್ಳುತ್ತದೆ. ಚರ್ಮಕ್ಕೂ ಕೂದಲಿಗೂ ಪ್ರೋಟೀನ್ ಬೇಕು. ಆಗಾಗ ಒಂದು ಬೇಯಿಸಿದ ತತ್ತಿ ಕೊಟ್ಟರೂ ಉಪಯೋಗ ಇದೆ.

ಕಿವಿ ಒಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಕೆಳಗೆ ಉಣ್ಣೆ ಇದ್ದರೆ ತುರಿಕೆಗೆ ಅದೇ ಕಾರಣ ಇರಬಹುದು. ಉಣ್ಣೆ ರಕ್ತ ಹೀರುವುದರ ಜೊತೆಗೆ ಜ್ವರವನ್ನೂ ತರುತ್ತದೆ. ದನದ ಉಣ್ಣೆಗೆ ತಂದ ಔಷಧಿಯನ್ನು ಅಂದಾಜಿನ ಮೇಲೆ ಬೆರೆಸಿ ನಾಯಿಗೆ ಹಾಕಬೇಡಿ. ಅಳತೆಯನ್ನು ಡಾಕ್ಟರ್ ಹೇಳಲಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ. ನಾಯಿಗೆ ಹಾಕುವ ಕೆಲವು ಔಷಧಿ ಬೆಕ್ಕಿಗೆ ವಿಷ.

ಕಿವಿಯ ಅಂಚು, ಮೊಣಕೈ, ಹೊಟ್ಟೆ ಭಾಗದಲ್ಲಿ ಕೂದಲು ಉದುರಿ, ಹಕ್ಕಳೆ ಕಟ್ಟಿ, ನಾಯಿ ನಿದ್ದೆ ಬಿಟ್ಟು ಕೆರೆಯುತ್ತಿದ್ದರೆ ಅದು ನಿಜವಾದ ಹುರುಕು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ದಾರಿ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ಇದು ಒಂದು ನಾಯಿಯಿಂದ ಇನ್ನೊಂದಕ್ಕೆ ಬೇಗ ದಾಟುತ್ತದೆ. ಮರಿಗಳಲ್ಲಿ ಕಣ್ಣು, ಬಾಯಿ ಸುತ್ತ ಕೂದಲು ಉದುರಿ ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಅದು ಬೇರೆ ಜಾತಿಯ ನುಸಿ, ಬೇರೆ ಚಿಕಿತ್ಸೆ. ದುಂಡಗೆ ಕೂದಲು ಉದುರಿದ್ದರೆ ಗಜಕರ್ಣವೂ ಇರಬಹುದು. ಡಾಕ್ಟರ್ ಬ್ಲೇಡಿನಿಂದ ಸ್ವಲ್ಪ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳಷ್ಟು ಸಲ ಗೊತ್ತಾಗುತ್ತದೆ.

ನುಸಿಗೆ ಕೊಡುವ ಐವರ್ಮೆಕ್ಟಿನ್ ನಮ್ಮ ಕುರಿಗಾರರಿಗೆ ಹೊಸದಲ್ಲ. ಕುರಿಗಳಿಗೆ ಹಾಕಿಸಿಯೇ ಇರುತ್ತಾರೆ. ಇದನ್ನು ಕಂಡುಹಿಡಿದ ಇಬ್ಬರು ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಸಿಕ್ಕಿದೆ. ಔಷಧಿ ದುಬಾರಿ ಅಲ್ಲ. ಆದರೆ ಕುರಿಯ ಲೆಕ್ಕದಲ್ಲಿ ನಾಯಿಗೆ ಚುಚ್ಚಬಾರದು. ಕೆಲವು ಜಾತಿಯ ನಾಯಿಗಳಿಗೆ ಮತ್ತು ಎಳೆ ಮರಿಗಳಿಗೆ ಇದು ಆಗಿಬರುವುದಿಲ್ಲ. ನಾಯಿಯ ತೂಕ ನೋಡಿ ಡಾಕ್ಟರೇ ಕೊಡಬೇಕು. ನುಸಿಯ ಮೊಟ್ಟೆ ಒಡೆದು, ಮರಿ ಬೆಳೆದು, ಮತ್ತೆ ಮೊಟ್ಟೆ ಇಡಲು ಸುಮಾರು 3 ವಾರ ಬೇಕು. ಅದಕ್ಕೇ ಒಂದು ಸಲ ಔಷಧಿ ಕೊಡಿಸಿ ಬಿಟ್ಟರೆ ಹುರುಕು ತಿರುಗಿ ಬರುತ್ತದೆ. ಡಾಕ್ಟರ್ ಹೇಳಿದಷ್ಟು ಸಲ ಮುಗಿಸಲೇಬೇಕು. ಮಲಗುವ ಗೋಣಿಚೀಲ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬೇವಿನ ತಪ್ಪಲು ಕುದಿಸಿದ ನೀರು ಆರಿದ ಮೇಲೆ ಮೈ ತೊಳೆಯಲು ಅಡ್ಡಿಯಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ಈ ನುಸಿ ಮನುಷ್ಯರ ಮೈಗೂ ಹತ್ತುತ್ತದೆ. ನಾಯಿ ಜೊತೆ ಆಡುವ ಮಕ್ಕಳ ಕೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆ ಎದ್ದು ತುರಿಕೆ ಆಗುತ್ತದೆ. ನಾಯಿಯ ನುಸಿ ನಮ್ಮ ಚರ್ಮದಲ್ಲಿ ಸಂಸಾರ ಹೂಡಲಾರದು. ನಾಯಿ ವಾಸಿಯಾದರೆ ಇದೂ ಹೋಗುತ್ತದೆ. ಮಕ್ಕಳಿಗೆ ಎಷ್ಟು ಮುಲಾಮು ಹಚ್ಚಿದರೂ ನಾಯಿಗೆ ಚಿಕಿತ್ಸೆ ಆಗದಿದ್ದರೆ ತುರಿಕೆ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಮಾತು. ಕೂದಲು ಉದುರಿದ ನಾಯಿ ಕಂಡರೆ ಹುಚ್ಚು ನಾಯಿ ಎಂದು ಕಲ್ಲು ಎತ್ತುವವರಿದ್ದಾರೆ. ಹುರುಕು ಬೇರೆ, ರೇಬೀಸ್ ಬೇರೆ. ಹಾಗಂತ ಯಾವ ನಾಯಿ ಕಚ್ಚಿದರೂ ಸುಮ್ಮನಿರಬೇಡಿ. ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ ತೊಳೆದು ಕೂಡಲೇ ದವಾಖಾನೆಗೆ ಹೋಗಿ.

"ದನಕ್ಕ ಡಾಕ್ಟರ್ ಸಿಗೂದ ಕಷ್ಟ, ನಾಯಿಗೆ ಯಾರ ಬರ್ತಾರ್ರಿ?" ಎನ್ನುವ ಮಾತಿನಲ್ಲಿ ಸತ್ಯ ಇದೆ. ಒಂದು ನಾಯಿಗಾಗಿ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕಿಗೆ ಹೋಗು ಎಂದು ಕೂಲಿ ಮಾಡುವವರಿಗೆ ಹೇಳುವುದು ಸುಲಭದ ಮಾತಲ್ಲ. ಅದಕ್ಕೇ ಇದು ಒಂದು ಮನೆಯ ಕೆಲಸ ಆಗಬಾರದು, ಊರಿನ ಕೆಲಸ ಆಗಬೇಕು. ಬೀದಿ ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ರೇಬೀಸ್ ಲಸಿಕೆ ಹಾಕುವ ದಿನವೇ ನಾಯಿಗಳ ಚರ್ಮವನ್ನೂ ಡಾಕ್ಟರ್ ನೋಡುವಂತೆ ಪಂಚಾಯ್ತಿ ಇಲಾಖೆಯನ್ನು ಕೇಳಬಹುದು. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಈ ವಿಷಯ ಎತ್ತಿದರೆ ಸಾಕು. ಅಲ್ಲಿಯತನಕ ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚಿ ಹತ್ತಿರದ ಆಸ್ಪತ್ರೆ ವಿಚಾರಿಸಬಹುದು.

ಪಕ್ಕದ ಮುಧೋಳದ ನಾಯಿಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂತು. ಆಮೇಲೆ ಸೈನ್ಯವೂ ಅದನ್ನು ತರಬೇತಿಗೆ ಒಯ್ದಿತು. ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಸಂಶೋಧನಾ ಕೇಂದ್ರ ಇದೆ. ಆ ಹೆಮ್ಮೆಯ ಒಂದು ಪಾಲು, ಹೆಸರಿಲ್ಲದ ಜಾತಿಯ ನಮ್ಮ ಹೊಲದ ನಾಯಿಗೂ ಸಲ್ಲಬೇಕು. ರಾತ್ರಿ ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದಾಗ ಬೊಗಳಿ ನಮ್ಮನ್ನು ಎಬ್ಬಿಸುವುದು ಅದೇ. ಅದರ ತುರಿಕೆಗೆ ಬೇಕಾಗಿರುವುದು ಒಂದೆರಡು ಸೂಜಿ, ಒಂದು ಒಗೆದ ಗೋಣಿಚೀಲ, ಮೂರ್ನಾಲ್ಕು ವಾರದ ತಾಳ್ಮೆ. ಕರಿ ಆಯಿಲ್‌ನ ಡಬ್ಬಿ ಗ್ಯಾರೇಜಿನಲ್ಲೇ ಇರಲಿ.