ಊರಿನ ಚೆಂದ ಯಾರ ಕಣ್ಣಿನದು?



ಊರನ್ನು ಚೆಂದ ಮಾಡ್ತೀವಿ ಅಂತ ಯಾರಾದರೂ ಹೊರಟರೆ ಮೊದಲು ಎದೆ ಧಸಕ್ಕೆನ್ನುವುದು ನಮ್ಮ ಜನಕ್ಕೆ. ಯಾಕಂದ್ರೆ ಈ ದೇಶದಲ್ಲಿ ಚೆಂದ ಮಾಡುವುದು ಅಂದರೆ ಬಡವನನ್ನು ಕಣ್ಣಿಗೆ ಬೀಳದ ಹಾಗೆ ಮಾಡುವುದು ಎಂದೇ ಆಗಿಬಿಟ್ಟಿದೆ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ದಿಲ್ಲಿಯ ತುರ್ಕ್‌ಮನ್ ಗೇಟಿಗೆ ಬುಲ್‌ಡೋಜರ್ ನುಗ್ಗಿದ್ದು ನಗರ ಸುಂದರವಾಗಲಿ ಎಂಬ ಹೆಸರಿನಲ್ಲೇ. ಅಡ್ಡ ನಿಂತವರ ಮೇಲೆ ಗುಂಡು ಹಾರಿತು.

ಯಾವ ದೇಶದ ಜನಕ್ಕೆ ತೋರಿಸಿದರೂ ಮರ, ನೀರು, ಹಳೆಯ ಕಟ್ಟಡ, ಚೊಕ್ಕಟ ಬೀದಿ ಇಷ್ಟವಾಗುತ್ತವೆ ಅಂತ ಪಂಡಿತರು ಹೇಳ್ತಾರೆ. ಸುಳ್ಳಲ್ಲ. ನಮಗೂ ಅಂತರಗಂಗೆ ಬೆಟ್ಟ ಚೆಂದ. ಶ್ರೀನಿವಾಸಪುರದ ಮಾವಿನ ತೋಪು ಹೂ ಬಿಟ್ಟಾಗ ನಮ್ಮ ಕಣ್ಣೂ ತಣಿಯುತ್ತದೆ. ಕಣ್ಣಿಗೆ ಜಾತಿ ಇಲ್ಲ. ಆದರೆ ನಿಂತು ನೋಡುವ ಜಾಗಕ್ಕೆ ಜಾತಿ ಇದೆ! ದೇವರ ಮೆರವಣಿಗೆ ಎಲ್ಲರ ಕಣ್ಣಿಗೂ ಚೆಂದವೇ. ಆದರೆ 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ನಮ್ಮ ಹುಡುಗನ ಮನೆಗೆ ಹಾಕಿದ ದಂಡ 60,000 ರೂಪಾಯಿ.

ಅಮೆರಿಕದ ಕೆವಿನ್ ಲಿಂಚ್ ಎಂಬುವರು ಜನರ ಕೈಲೇ ಅವರವರ ಊರಿನ ನಕ್ಷೆ ಬರೆಸಿ 1960ರಲ್ಲಿ ಒಂದು ಪುಸ್ತಕ ತಂದರು. ಅವರು ಮಾತಾಡಿಸಿದ್ದು ಹೆಚ್ಚಾಗಿ ಓದಿದ, ಒಳ್ಳೆ ಕೆಲಸದಲ್ಲಿದ್ದ ಜನರನ್ನು. ಆಮೇಲೆ ಲಾಸ್ ಏಂಜಲೀಸ್ ನಗರದ ಯೋಜನಾ ಇಲಾಖೆ ಬೇರೆ ಬೇರೆ ಬಡಾವಣೆಯವರ ನಕ್ಷೆಗಳನ್ನು 1971ರಲ್ಲಿ ಅಚ್ಚು ಹಾಕಿತು. ವೆಸ್ಟ್‌ವುಡ್‌ನ ಅನುಕೂಲಸ್ಥ ಬಿಳಿಯರ ನಕ್ಷೆ ಬೆಟ್ಟದಿಂದ ಸಮುದ್ರದವರೆಗೆ ಹರಡಿತ್ತು. ಬಾಯ್ಲ್ ಹೈಟ್ಸ್‌ನ ಸ್ಪ್ಯಾನಿಷ್ ಮಾತಾಡುವ ಬಡವರ ನಕ್ಷೆಯಲ್ಲಿ ಇದ್ದದ್ದು ನಾಲ್ಕಾರು ಬೀದಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ನಗರಸಭೆ. ಊರು ಒಂದೇ!

ಈಗ ನಮ್ಮ ಮಾತಿಗೆ ಬನ್ನಿ. ಕೋಲಾರದಲ್ಲೋ ಮುಳಬಾಗಿಲಲ್ಲೋ ಹಾಸ್ಟೆಲಿನ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟು ಊರು ಬರಿಯಪ್ಪಾ ಅನ್ನಿ. ಬಸ್ ಸ್ಟ್ಯಾಂಡು, ಹಾಸ್ಟೆಲು, ಕಾಲೇಜು, ತಾಲ್ಲೂಕು ಕಚೇರಿ, ಅಂಬೇಡ್ಕರ್ ಭವನ. ಮಿಕ್ಕದ್ದೆಲ್ಲ ಖಾಲಿ. ಎಕ್ಸ್‌ಟೆನ್ಶನ್ನಿನ ಸಾಹೇಬರ ನಕ್ಷೆಯಲ್ಲಿ ಕೇರಿಯೇ ಇರೋದಿಲ್ಲ. ಕಚೇರಿಯ ಗೋಡೆ ಏರುವ ನಕ್ಷೆ ಈ ಎರಡರಲ್ಲಿ ಯಾವುದು, ಹೇಳಬೇಕೆ?

ಪಕ್ಕದ ಕೆ.ಜಿ.ಎಫ್. ನೋಡಿ. ಪುಟ್ಟ ಇಂಗ್ಲೆಂಡ್ ಅಂತ ಹೊಗಳಿಸಿಕೊಂಡ ಊರು. ಬಿಳಿಯರಿಗೆ ಬಂಗಲೆ, ತೋಟ, ಕ್ಲಬ್ಬು. ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಅಲ್ಲಿನ ಗಣಿಗೆ ಬಂತು. ಚಿನ್ನ ಅಗೆದವರಲ್ಲಿ ಬಹುಪಾಲು ತಮಿಳು ಸೀಮೆಯ ದಲಿತರು. ಅವರಿಗೆ ಸಾಲುಮನೆ. ಆ ಸಾಲಿನ ಒಣ ಪಾಯಿಖಾನೆ ಬಾಚಿದವರೂ ದಲಿತರೇ. ಅಂಥ ಮನೆಯಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲದ ಬುಟ್ಟಿಯ ವಿರುದ್ಧ ನಿಂತರು. ಅದನ್ನು ನಿಷೇಧಿಸುವ ಕಾನೂನು 1993ರಲ್ಲಿ ಬಂತು. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ಗುಡ್ಡಗಳು ಉಳಿದವು. ದೂರದಿಂದ ಬಂದವನಿಗೆ ಅವು ಫೋಟೋ ತೆಗೆಯುವ ಚೆಂದ. ಗಾಳಿ ಬೀಸಿದರೆ ಆ ದೂಳು ತಿನ್ನುವವರು ಯಾರು?

ಭಾಷೆಯೂ ನಮ್ಮನ್ನು ಬಿಟ್ಟಿಲ್ಲ. ಕೇರಿ ಅಂದರೆ ಬೀದಿ, ಅಷ್ಟೆ. ಅದಕ್ಕೆ ಕೊಳೆ ಅಂಟಿಸಿ ಕೊಳೆಗೇರಿ ಮಾಡಿದರು. 1973ರ ಕಾಯ್ದೆಯ ಹೆಸರಿನಲ್ಲಿ ಅಭಿವೃದ್ಧಿಯೂ ಇತ್ತು, ನಿರ್ಮೂಲನೆಯೂ ಇತ್ತು. ಆದರೆ ಅದರಡಿ ಹುಟ್ಟಿದ ಮಂಡಳಿಗೆ ಮೊದಲು ಇಟ್ಟ ಹೆಸರು ಬರೀ ನಿರ್ಮೂಲನೆಯದು. ಹೆಸರು ಆಮೇಲೆ ಬದಲಾಯಿತು. ಕಣ್ಣು ಬದಲಾಯಿತೇ?

ಹಾಗಂತ ಕೇರಿಯನ್ನು ಹಾಡಿ ಹೊಗಳುವುದೂ ಬೇಡ. ಹಳ್ಳಿಯ ಸೊಬಗಿಗೆ ಮರುಳಾಗಬೇಡಿ ಎಂಬ ಎಚ್ಚರವನ್ನು ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಕೊಟ್ಟಿದ್ದಾರೆ. ಚರಂಡಿ ಇಲ್ಲದಿರುವುದು ನಮ್ಮ ಸಂಸ್ಕೃತಿ ಅಲ್ಲ, ನಮಗಾದ ಅನ್ಯಾಯ. ಆದರೆ ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ ಅವ್ವನ ಮನೆಗೆ ಗೆಳೆಯರನ್ನು ಕರಕೊಂಡು ಹೋಗೋಕೆ ನಾಚಿಕೆ ಪಡ್ತೀವಲ್ಲ, ಆ ನಾಚಿಕೆ ನಮ್ಮದಲ್ಲ. ಅವರ ಕಣ್ಣನ್ನು ನಮ್ಮ ಮುಖಕ್ಕೆ ಹಚ್ಚಿಕೊಂಡದ್ದು. ಚರಂಡಿ ಕೊಡದವರು ನಾಚಲಿ!

ವೃತ್ತದಲ್ಲಿ ನಿಂತ ನೀಲಿ ಕೋಟಿನ ವಿಗ್ರಹ ನೋಡಿ, ಇದೇನು ಕಲೆಯೇ ಅಂತ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಎತ್ತಿದ ಆ ಬೆರಳಿನ ಕೆಳಗೆ ನಮ್ಮಪ್ಪ ನಿಂತು ಬೀಡಿ ಹಚ್ಚುತ್ತಾನೆ. ಏಳು ಆ ಕಡೆ ಅಂತ ಯಾರೂ ಗದರಿಸೋದಿಲ್ಲ. ನಿಲ್ಲುವ ಹಕ್ಕು ಸಿಕ್ಕ ಜಾಗವೇ ನಮಗೆ ಚೆಂದದ ಜಾಗ.

ಅದಕ್ಕೇ ಈ ಸಲ ಒಂದು ಕೆಲಸ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಾಸ್ಟೆಲ್ ಗೆಳೆಯರು, ಗೆಳತಿಯರು ತಮ್ಮ ತಮ್ಮ ಊರಿನ ನಕ್ಷೆ ಬರೆದು ಮುಂದಿನ ಸಭೆಗೆ ತನ್ನಿ. ಚರಂಡಿ ಎಲ್ಲಿಗೆ ನಿಂತಿದೆ, ಬೀದಿ ದೀಪ ಯಾವ ಕಂಬಕ್ಕೆ ಮುಗಿದಿದೆ, ಎಲ್ಲಿ ಹೆಣ್ಣುಮಕ್ಕಳು ಸಂಜೆ ಮೇಲೆ ನಡೆಯೋಕೆ ಹೆದರ್ತಾರೆ, ಮರ ಎಲ್ಲಿ ಬೇಕು, ಎಲ್ಲ ಗುರುತು ಮಾಡಿ. ಊರಿನ ಮಹಾಯೋಜನೆಗೆ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು ಅಂತ 1961ರ ಕಾನೂನೇ ಹೇಳುತ್ತದೆ. ಅವರು ಕೇಳಿದಾಗ ನಮ್ಮ ಕೈ ಖಾಲಿ ಇರಬಾರದು.

ಅವರ ನಕ್ಷೆಯಲ್ಲಿ ನಾವಿಲ್ಲ. ನಮ್ಮ ನಕ್ಷೆಯನ್ನು ನಾವೇ ಬರೆಯೋಣ.

ಜೈ ಭೀಮ್.