ಬಿಳಿ ಕೋಟಿನ ಒಳಗಿನ ಮನಸ್ಸು

ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡಾಸ್ಪತ್ರೆಗಳಲ್ಲಿ ಚೀಟಿ ಹಿಡಿದು ನಿಂತವರ ದೂರು ಹಲವು ಸಲ ಔಷಧದ್ದಲ್ಲ, ಮಾತಿನದು. ಡಾಕ್ಟರು ಮುಖವೆತ್ತಿ ನೋಡಲಿಲ್ಲ, ಸಿಸ್ಟರ್ ಗದರಿದರು. ದೂರು ಸುಳ್ಳಲ್ಲ. ಆದರೆ ಆ ಗಡಸುತನ ಹುಟ್ಟಿನಿಂದ ಬಂದದ್ದೂ ಅಲ್ಲ. ಸುತ್ತಲ ಜಿಲ್ಲೆಗಳ ರೋಗಿಗಳೆಲ್ಲ ಬಂದು ಸೇರುವ ಕಡೆ, ಒಂದು ಸಾವಿನ ಬೆನ್ನಲ್ಲೇ ಮತ್ತೊಂದು ಹಾಸಿಗೆಗೆ ಓಡಬೇಕಾದವರು ಎಲ್ಲರ ನೋವನ್ನೂ ಹಚ್ಚಿಕೊಂಡರೆ ಕೈ ನಡುಗುತ್ತದೆ. ತುಸು ದೂರ ನಿಲ್ಲುವುದನ್ನು ಕೆಲಸವೇ ಕಲಿಸುತ್ತದೆ. ಆ ದೂರ ಕ್ರಮೇಣ ಅವರ ಮನೆಯೊಳಗೂ ಬಂದು ಕೂರುತ್ತದೆ.

ಇದೇ ವೃತ್ತಿ ಮನುಷ್ಯರನ್ನು ಅರಳಿಸಿದ್ದೂ ಉಂಟು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಮುಂದೆ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಹೋದರು. ಚಿಕಿತ್ಸೆಗೆಂದು ಹೋದವರು ಆದಿವಾಸಿ ಮಕ್ಕಳಿಗೆ ಶಾಲೆಯನ್ನೂ ತೆರೆದರು. ರೋಗದ ಬೇರು ಬಡತನದಲ್ಲಿದೆ ಎಂದು ಕಂಡವರಿಗೆ ಬರಿಯ ಗುಳಿಗೆ ಸಾಲುವುದಿಲ್ಲ.

ಹೊರೆ ಮಿತಿಮೀರಿದರೆ ಏನಾಗುತ್ತದೆಂಬುದನ್ನೂ ಮೈಸೂರು ಜಿಲ್ಲೆ ಕಂಡಿದೆ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಕೆಲಸದ ನಡುವೆ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಪ್ರಾಣ ಕಳೆದುಕೊಂಡರು. ಒತ್ತಡವೇ ಕಾರಣವೆಂದು ಸಹೋದ್ಯೋಗಿಗಳು ಬೀದಿಗಿಳಿದರು. ಅಂದು ಮೂಡಿದ ಕಳವಳ ಬೇಗನೆ ಆರಿಹೋಯಿತು. ಸೌಜನ್ಯದ ತರಬೇತಿ ಕೊಡುವ ಮೊದಲು ಸರ್ಕಾರ ಖಾಲಿ ಹುದ್ದೆಗಳನ್ನು ತುಂಬಲಿ, ಕಿರಿಯ ವೈದ್ಯರ ಮತ್ತು ಶುಶ್ರೂಷಕರ ಪಾಳಿಗೆ ಮಿತಿ ಹಾಕಲಿ. ಮನೋವೈದ್ಯರ ನೆರವು ಸಿಬ್ಬಂದಿಗೂ ಸಿಗಲಿ. ವಾರ್ಡು ತೊಳೆಯುವ ಗುತ್ತಿಗೆ ನೌಕರರಿಗೂ.