ಪಿಕಪ್ಪಿಗೊಂದು ಕಬ್ಬಿಣದ ಮೀಸೆ

ಅಡಿಕೆಯ ಹಣವೋ ಶುಂಠಿಯ ಹಣವೋ ಕೈಸೇರಿದ ತಿಂಗಳಲ್ಲಿ ಮಲೆನಾಡಿನ ಪೇಟೆಗಳ ವೆಲ್ಡಿಂಗ್ ಅಂಗಡಿಗಳ ಮುಂದೆ ಹೊಸ ಪಿಕಪ್ಪುಗಳು ಬಂದು ನಿಲ್ಲುತ್ತವೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರುವುದಿಲ್ಲ. ಆಗಲೇ ಕಂಪನಿಯವರು ಕೂರಿಸಿ ಕಳಿಸಿದ ಗ್ರಿಲ್ಲನ್ನು ಬಿಚ್ಚಿ ಮೂಲೆಗೆಸೆದು, ಅದರ ಜಾಗದಲ್ಲಿ ಹೊಳೆಯುವ ಜಾಲರಿಯೊಂದನ್ನು ಬಿಗಿದು, ಅದರ ಮುಂದೆ ದಪ್ಪ ಕೊಳವೆಗಳನ್ನು ಬಾಗಿಸಿ ಬೆಸೆದ ಗಾರ್ಡನ್ನು ನಿಲ್ಲಿಸುವ ಕೆಲಸ ಆರಂಭವಾಗುತ್ತದೆ. ಮೇಲುಗಡೆ ನಾಲ್ಕು ದೀಪ, ನಡುವೆ ಮನೆದೇವರ ಹೆಸರು. ಬೆಳಿಗ್ಗೆ ಸಾಧುವಾಗಿ ಬಂದ ಗಾಡಿ ಮಧ್ಯಾಹ್ನ ಕಬ್ಬಿಣದ ಮೀಸೆ ಹೊತ್ತು ಘಟ್ಟದ ರಸ್ತೆಗೆ ಇಳಿಯುತ್ತದೆ. ಯಾಕೆಂದು ಕೇಳಿದರೆ ಮಾಲೀಕರ ಉತ್ತರ ಒಂದೇ: "ಸೇಫ್ಟಿಗೆ ಬೇಕಲ್ಲ ಮಾರಾಯ್ರೆ."

ಯಾರ ಸೇಫ್ಟಿ? ಈ ಪ್ರಶ್ನೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮುಂಭಾಗದ ಈ ಗಾರ್ಡು ಕಾಯುವುದು ಗಾಡಿಯ ಬಣ್ಣವನ್ನು, ಹೆಡ್‌ಲೈಟಿನ ಗಾಜನ್ನು, ಬಂಪರನ್ನು. ಕಾಫಿ ತೋಟದ ಕಿರುದಾರಿಯಲ್ಲಿ ಕೊಂಬೆ ತಾಗಿದಾಗ, ಸಂತೆಯ ದಿನ ಇನ್ನೊಂದು ಗಾಡಿ ಹಿಂದೆ ಸರಿದು ಮುಟ್ಟಿದಾಗ ಅದು ಉಪಯೋಗಕ್ಕೆ ಬರುತ್ತದೆ. ಅಷ್ಟನ್ನು ಒಪ್ಪಿಕೊಳ್ಳಲೇಬೇಕು. ಆದರೆ ನಡಿಗೆಯ ವೇಗದ ಈ ಸಣ್ಣ ತಾಗಾಟಗಳಲ್ಲಿ ಉಳಿಯುವ ಕೆಲವು ಸಾವಿರ ರೂಪಾಯಿಗಳಿಗೆ ಪ್ರತಿಯಾಗಿ, ನಿಜವಾದ ಅಪಘಾತ ಸಂಭವಿಸಿದಾಗ ಇದೇ ಕಬ್ಬಿಣ ವಸೂಲಿ ಮಾಡುವ ಬೆಲೆ ಬೇರೆಯೇ ಇದೆ. ಅದನ್ನು ತೆರುವವರು ಬಹುಮಟ್ಟಿಗೆ ಗಾಡಿಯ ಹೊರಗಿರುವವರು. ಹಲವು ಸಲ ಒಳಗೆ ಕುಳಿತವರೂ ಹೌದು.

ಇದನ್ನು ಅರಿಯಲು ಪ್ರಯೋಗಶಾಲೆ ಬೇಕಿಲ್ಲ, ಅಡಿಕೆ ತೋಟ ಸಾಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಯಾವುದೇ ವಸ್ತು 6 ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದೇ ವೇಗದಲ್ಲಿರುತ್ತದೆ. ವೇಗ 60ಕ್ಕೆ ಏರಿದರೆ ಈ ಎತ್ತರ 14 ಮೀಟರ್, ಅಂದರೆ ಚೆನ್ನಾಗಿ ಬೆಳೆದ ಅಡಿಕೆ ಮರದ ತುದಿ. ವೇಗ ಒಂದೂವರೆ ಪಟ್ಟಾದಾಗ ಪೆಟ್ಟಿನ ಶಕ್ತಿ ಎರಡೂಕಾಲು ಪಟ್ಟಾಗುವುದು ಹೀಗೆ. ಕೊನೆ ಕೊಯ್ಯುವವನು ಕೈತಪ್ಪಿ ಬಿದ್ದಾಗ ಕೆಳಗೆ ಸೊಪ್ಪಿನ ರಾಶಿಯಿದೆಯೋ ಕಲ್ಲುಕಟ್ಟೆಯಿದೆಯೋ ಎಂಬುದರ ಮೇಲೆ ಅವನ ಬದುಕು ನಿಂತಿರುತ್ತದೆ. ಎತ್ತರ ಅದೇ, ಬೀಳುವ ವೇಗವೂ ಅದೇ. ವ್ಯತ್ಯಾಸವಿರುವುದು ನಿಲ್ಲಲು ಸಿಗುವ ಅಂತರದಲ್ಲಿ ಮಾತ್ರ. ಸೊಪ್ಪು ಕುಸಿಯುತ್ತ ಕುಸಿಯುತ್ತ ವೇಗವನ್ನು ನುಂಗಿಕೊಳ್ಳುತ್ತದೆ. ಕಲ್ಲು ನುಂಗುವುದಿಲ್ಲ.

ವಾಹನದ ಮುಂಭಾಗವನ್ನು ಉದ್ದೇಶಪೂರ್ವಕವಾಗಿ ಮೆದುವಾಗಿ ನಿರ್ಮಿಸುವುದರ ಹಿಂದಿನ ವಿವೇಕ ಇದು. ಬೇಲಾ ಬಾರೆನ್ಯಿ ಎಂಬ ಎಂಜಿನಿಯರ್ 1950ರ ದಶಕದ ಆರಂಭದಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು; 1959ರ ಮರ್ಸಿಡಿಸ್ ಕಾರಿನಲ್ಲಿ ಅದು ಕಾರ್ಯರೂಪಕ್ಕೆ ಬಂತು. ಜನ ಕುಳಿತಿರುವ ಭಾಗ ಗಟ್ಟಿಯಾಗಿರಬೇಕು, ಮುಂದಿನ ಮತ್ತು ಹಿಂದಿನ ಭಾಗಗಳು ನಜ್ಜುಗುಜ್ಜಾಗಬೇಕು. ನಜ್ಜುಗುಜ್ಜಾದ ಮುಂಭಾಗವನ್ನು ಕಂಡು "ಈಗಿನ ಗಾಡಿಗಳು ಬರೀ ತಗಡು" ಎಂದು ಮೂಗು ಮುರಿಯುವವರು, ಆ ತಗಡು ಮುರಿದದ್ದರಿಂದಲೇ ಚಾಲಕನ ಎದೆಗೂಡು ಮುರಿಯಲಿಲ್ಲವೆಂಬುದನ್ನು ಮರೆಯುತ್ತಾರೆ. 40 ಕಿಲೋಮೀಟರ್ ವೇಗದ ಗಾಡಿ ಅರ್ಧ ಮೀಟರ್ ಕುಸಿದು ನಿಂತರೆ ಉಂಟಾಗುವ ಸರಾಸರಿ ಬಲಕ್ಕಿಂತ, 10 ಸೆಂಟಿಮೀಟರಿನಲ್ಲಿ ನಿಂತರೆ ಉಂಟಾಗುವ ಬಲ ಐದು ಪಟ್ಟು ಹೆಚ್ಚು. ಚಾಸಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿದ ಗಾರ್ಡು ಮಾಡುವುದು ಇದನ್ನೇ: ಕುಸಿಯಬೇಕಾದ ಭಾಗವನ್ನು ಕುಸಿಯಗೊಡದೆ ಪೆಟ್ಟನ್ನು ಒಳಕ್ಕೆ ರವಾನಿಸುತ್ತದೆ. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಇನ್ನೂ ಒಂದು ತೊಡಕಿದೆ. ಮುಂಭಾಗ ಎಷ್ಟು ತೀವ್ರವಾಗಿ ವೇಗ ಕಳೆದುಕೊಳ್ಳುತ್ತದೆ ಎಂಬುದನ್ನು ಗ್ರಹಿಸುವ ಸೆನ್ಸರುಗಳನ್ನು ಕಂಪನಿಯು ತಾನು ನಿರ್ಮಿಸಿದ ಮುಂಭಾಗಕ್ಕೆ ಹೊಂದಿಸಿರುತ್ತದೆ, ವೆಲ್ಡಿಂಗ್ ಅಂಗಡಿಯ ಕೊಳವೆಗಲ್ಲ. ಲೆಕ್ಕ ತಪ್ಪಿದ ಚೀಲ ತಡವಾಗಿ ಉಬ್ಬಬಹುದು, ಉಬ್ಬದೆಯೂ ಇರಬಹುದು.

ಒಳಗಿರುವವನು ತನ್ನ ಅಪಾಯವನ್ನು ತಾನೇ ದುಡ್ಡು ಕೊಟ್ಟು ಕೊಂಡಿದ್ದಾನೆ ಎನ್ನೋಣವೇ? ಹಾಗಾದರೆ ಹೊರಗಿರುವವರ ಗತಿಯೇನು? ಮಲೆನಾಡಿನ ರಸ್ತೆಗೆ ಫುಟ್‌ಪಾತ್ ಎಂಬುದಿಲ್ಲ. ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಕಂದಕ, ನಡುವಿನ ಡಾಂಬರಿನ ಅಂಚಿನಲ್ಲಿ ಶಾಲೆಯ ಮಕ್ಕಳು, ಹುಲ್ಲಿನ ಹೊರೆ ಹೊತ್ತ ಹೆಂಗಸರು, ಡೇರಿಗೆ ಹಾಲಿನ ಕ್ಯಾನು ಒಯ್ಯುವವರು, ಮೇವಿನಿಂದ ಹಿಂದಿರುಗುವ ದನಗಳು. ಮಳೆಗಾಲದಲ್ಲಿ ಎಲ್ಲರ ತಲೆಯ ಮೇಲೂ ಕೊಡೆ ಅಥವಾ ಕೊಪ್ಪೆ. ಹಿಂದಿನಿಂದ ಬರುವ ಗಾಡಿಯ ಸದ್ದು ಮಳೆಯ ಸದ್ದಿನಲ್ಲಿ ಕರಗಿಹೋಗುತ್ತದೆ. ಕಂಪನಿಯ ಪ್ಲಾಸ್ಟಿಕ್ ಬಂಪರೂ ಬಾನೆಟ್ಟಿನ ತಗಡೂ ಮನುಷ್ಯನಿಗೆ ಬಡಿದಾಗ ಒಂದಿಷ್ಟಾದರೂ ಬಾಗುತ್ತವೆ. ಉಕ್ಕಿನ ಕೊಳವೆ ಬಾಗುವುದಿಲ್ಲ. ಅಗಲವಾದ ಮೇಲ್ಮೈ ಹಂಚಿಕೊಳ್ಳಬೇಕಾದ ಪೆಟ್ಟನ್ನು ಅದು ಒಂದು ಗೆರೆಯಷ್ಟು ಜಾಗಕ್ಕೆ ತಂದು ನಿಲ್ಲಿಸುತ್ತದೆ. ವಿದ್ಯಾರ್ಥಿಗಳು ಒಂದು ಟೇಪು ಹಿಡಿದು ತಮ್ಮೂರಿನ ಪಿಕಪ್ಪುಗಳ ಗಾರ್ಡಿನ ಮೇಲಿನ ಕೊಳವೆಯ ಎತ್ತರವನ್ನು ಅಳೆಯಲಿ, ಬಳಿಕ ಒಂದನೆಯ ತರಗತಿಯ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಲಿ. ದೊಡ್ಡವರ ತೊಡೆಗೂ ಸೊಂಟಕ್ಕೂ ತಾಗುವ ಕೊಳವೆ ಆ ಮಕ್ಕಳ ಎಲ್ಲಿಗೆ ತಾಗುತ್ತದೆ ಎಂಬುದನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಾಗುವುದಿಲ್ಲ.

ಕಾಡುಪ್ರಾಣಿಗಳ ಮಾತು ಬಂದಾಗ ಗಾರ್ಡಿನ ಪಕ್ಷದವರು ಉತ್ಸಾಹಗೊಳ್ಳುತ್ತಾರೆ. ರಾತ್ರಿ ಕಾಟಿ ಅಡ್ಡ ಬರುತ್ತದೆ, ಕಡವೆ ಹಾರುತ್ತದೆ, ಹಂದಿ ನುಗ್ಗುತ್ತದೆ, ಬರಿ ಬಂಪರಿನಲ್ಲಿ ಹೋಗುವುದು ಹೇಗೆ ಎಂಬುದು ಅವರ ವಾದ. ಈ ಗಾರ್ಡಿನ ಕುಲಮೂಲವೂ ಆ ವಾದವೇ. ಆಸ್ಟ್ರೇಲಿಯದ ಒಳನಾಡಿನಲ್ಲಿ ನೂರಾರು ಕಿಲೋಮೀಟರ್ ಜನವಸತಿಯಿಲ್ಲದ ನೇರ ರಸ್ತೆಗಳಲ್ಲಿ ಕಾಂಗರೂಗಳು ಅಡ್ಡ ಹಾರುತ್ತವೆ. ರೇಡಿಯೇಟರ್ ಒಡೆದು ನಿಂತರೆ ನೆರವಿಗೆ ಯಾರೂ ಸಿಗದ ಆ ನೆಲದಲ್ಲಿ ಹುಟ್ಟಿದ್ದು ಬುಲ್ ಬಾರ್. ಆ ದೇಶವೂ ಅದಕ್ಕೆ 2002ರಲ್ಲಿ ಒಂದು ಮಾನದಂಡವನ್ನು ರೂಪಿಸಿತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಚಾರ್ಮಾಡಿಯ ಮಂಜಿನಲ್ಲಿ ಆ ನೇರ ರಸ್ತೆ ಎಲ್ಲಿದೆ? ಬೆಳೆದ ಗಂಡು ಕಾಟಿ ಒಂದು ಟನ್ನಿನ ಸಮೀಪ ತೂಗುತ್ತದೆ. ಅಂತಹ ಪ್ರಾಣಿಗೆ ವೇಗದಲ್ಲಿ ಬಡಿದ ಪಿಕಪ್ಪನ್ನು ಯಾವ ಕೊಳವೆಯೂ ಉಳಿಸದು. ಉಳಿಸುವುದು ಬ್ರೇಕು, ಅದಕ್ಕೂ ಮೊದಲು ನಿಧಾನ. ಒದ್ದೆ ರಸ್ತೆಯಲ್ಲಿ 40ರ ವೇಗದ ಗಾಡಿ, ಚಾಲಕ ಕಂಡು ಬ್ರೇಕು ಒತ್ತಿ ನಿಲ್ಲುವ ಹೊತ್ತಿಗೆ ಇಪ್ಪತ್ತೈದು ಮೀಟರಿನಷ್ಟು ಮುಂದೆ ಹೋಗಿರುತ್ತದೆ. 60ರಲ್ಲಿ ಅದು ನಲವತ್ತೈದರ ಹತ್ತಿರ. ತಿರುವಿನಾಚೆ ಕಾಣುವುದೇ ಇಪ್ಪತ್ತು ಮೀಟರ್. ಲೆಕ್ಕ ಇಷ್ಟೇ.

ವಾಸ್ತವದಲ್ಲಿ ಗಾರ್ಡಿಗೆ ಬಲಿಯಾಗುವುದು ಕಾಟಿಯಲ್ಲ. ಪುನುಗಿನ ಬೆಕ್ಕು, ಮುಳ್ಳುಹಂದಿ, ಮೊಲ, ರಸ್ತೆಯ ಬೆಚ್ಚಗಿನ ಡಾಂಬರಿಗೆ ಬಂದು ಮಲಗಿದ ಹಾವು, ಮೊದಲ ಮಳೆಗೆ ಹೊರಬಿದ್ದ ಕಪ್ಪೆಗಳು. ಇವುಗಳಿಂದ ಗಾಡಿಗೆ ಏನೂ ಆಗುವುದಿಲ್ಲ. ಗಾರ್ಡು ಇರಲಿ ಇಲ್ಲದಿರಲಿ, ಚಕ್ರ ಸಾಕು. ಆದರೆ ಮುಂದೆ ಕಬ್ಬಿಣವಿದೆ, ತನಗೇನೂ ಆಗದು ಎಂಬ ಧೈರ್ಯ ಆಕ್ಸಿಲರೇಟರಿನ ಮೇಲಿನ ಕಾಲಿಗೆ ಇಳಿಯುತ್ತದೆ. ಮೇಲಿನ ನಾಲ್ಕು ದೀಪಗಳು ಎದುರಿನ ಬೈಕಿನವನ ಕಣ್ಣನ್ನೂ ರಸ್ತೆ ದಾಟುವ ಪ್ರಾಣಿಯ ಕಣ್ಣನ್ನೂ ಏಕಕಾಲಕ್ಕೆ ಕುರುಡು ಮಾಡುತ್ತವೆ; ಕಣ್ಣು ಕೋರೈಸಿದ ಪ್ರಾಣಿ ಓಡುವುದಿಲ್ಲ, ನಿಂತುಬಿಡುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ ಪ್ರಾಣಿಗಳ ಸಾವು ಹೆಚ್ಚಿದಾಗ 2009ರಲ್ಲಿ ಕೈಗೊಂಡ ಕ್ರಮ ಯಾವುದು? ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನೇ ನಿಲ್ಲಿಸಲಾಯಿತು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗಾಡಿಗಳಿಗೆ ಇನ್ನಷ್ಟು ಕಬ್ಬಿಣ ತೊಡಿಸಿ ಎಂದು ಅಲ್ಲಿ ಯಾರೂ ಸಲಹೆ ಕೊಡಲಿಲ್ಲ.

ಇನ್ನು ಹೊಳೆಯುವ ಜಾಲರಿಯ ವಿಚಾರ. ಗಾರ್ಡಿಗೆ ಹೋಲಿಸಿದರೆ ಇದು ಸಣ್ಣ ಅಪರಾಧ; ಇದರಿಂದ ಯಾರೂ ಸಾಯುವುದಿಲ್ಲ, ಎಂಜಿನ್ ಒಂದರ ಹೊರತು. ಗ್ರಿಲ್ಲೆಂದರೆ ಗಾಡಿಯ ಮುಖದ ಆಭರಣವೆಂದೇ ಹಲವರ ತಿಳಿವಳಿಕೆ. ಅದು ಗಾಡಿಯ ಮೂಗು. ರೇಡಿಯೇಟರಿನ ಕೊಳವೆಗಳಲ್ಲಿ ಹರಿಯುವ ಬಿಸಿ ನೀರನ್ನು ತಣಿಸಲು ಎಷ್ಟು ಗಾಳಿ ಬೇಕೆಂದು ಲೆಕ್ಕಹಾಕಿ ಆ ಕಿಂಡಿಗಳನ್ನು ಇಟ್ಟಿರುತ್ತಾರೆ. ಬಯಲುಸೀಮೆಯ ರಸ್ತೆಯಲ್ಲಿ ಗಾಡಿಯ ವೇಗವೇ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಹೊರೆ ತುಂಬಿಕೊಂಡು ಮೊದಲ ಗೇರಿನಲ್ಲಿ ಘಟ್ಟ ಹತ್ತುವ ಪಿಕಪ್ಪಿಗೆ ಆ ಭಾಗ್ಯವಿಲ್ಲ. ಎಂಜಿನ್ ಗರಿಷ್ಠ ದುಡಿಯುತ್ತಿರುತ್ತದೆ, ವೇಗವಿರುವುದಿಲ್ಲ, ಫ್ಯಾನ್ ಎಳೆದಷ್ಟೇ ಗಾಳಿ. ಅಂತಹ ಹೊತ್ತಿನಲ್ಲಿ ಮೂಗಿನ ಮುಂದೆ ಸಣ್ಣ ಕಣ್ಣಿನ ಜಾಲರಿ, ಜಾಲರಿಯ ಮುಂದೆ ಅಗಲ ದೀಪಗಳು, ದೀಪಗಳ ನಡುವೆ ತಗಡಿನ ಹೆಸರುಫಲಕ. ಮಳೆಗಾಲದ ಕೆಸರು, ಎಲೆ, ಹುಳುಗಳು ಜಾಲರಿಯ ಕಣ್ಣುಗಳನ್ನು ಮುಚ್ಚಿದ ಮೇಲಂತೂ ಕೇಳುವುದೇ ಬೇಡ. ಘಟ್ಟದ ನಡುವೆ ಬಾನೆಟ್ ಎತ್ತಿ ನಿಲ್ಲಿಸಿ, ತೊರೆಯ ನೀರನ್ನು ಬಾಟಲಿಯಲ್ಲಿ ಹಿಡಿದು ತರುವ ಚಾಲಕ ಕಂಪನಿಯನ್ನು ಬೈಯುತ್ತಾನೆ. ಬೈಗುಳ ತಲುಪಬೇಕಾದ ವಿಳಾಸ ಬೇರೆಯಿರಬಹುದು. ಅವಸರದಲ್ಲಿ ಬಿಸಿ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳುವ ಅಪಾಯವೂ ಈ ಅಲಂಕಾರದ ಲೆಕ್ಕಕ್ಕೇ ಸೇರಬೇಕಾದದ್ದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ನೋಂದಣಿ ಪತ್ರದಲ್ಲಿರುವ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. ಕ್ರ್ಯಾಶ್ ಗಾರ್ಡ್, ಬುಲ್ ಬಾರುಗಳು ಈ ಕಲಮಿನ ಉಲ್ಲಂಘನೆಯೆಂದೂ ಅವುಗಳ ವಿರುದ್ಧ ಕ್ರಮ ಜರುಗಿಸಬೇಕೆಂದೂ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. 2019ರ ತಿದ್ದುಪಡಿಯ ನಂತರ ನಿಯಮಬಾಹಿರ ಬದಲಾವಣೆ ಮಾಡಿಸಿದ ಮಾಲೀಕನಿಗೆ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಐರೋಪ್ಯ ಒಕ್ಕೂಟವಂತೂ 2005ರಲ್ಲಿಯೇ, ಪಾದಚಾರಿಗೆ ಆಗುವ ಪೆಟ್ಟಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಇಂತಹ ಸಲಕರಣೆಗಳನ್ನು ತಡೆಯಲು ನಿರ್ದೇಶನ ಹೊರಡಿಸಿತ್ತು.

ನಿಯಮ ಬಂದ ಮೊದಲ ತಿಂಗಳುಗಳಲ್ಲಿ ದಂಡದ ಸುದ್ದಿ ಕೇಳಿ ಹಲವರು ಗಾರ್ಡು ಬಿಚ್ಚಿಸಿದರು. ಸುದ್ದಿ ತಣ್ಣಗಾದಂತೆ ಬಿಚ್ಚಿಟ್ಟ ಕಬ್ಬಿಣ ಕೊಟ್ಟಿಗೆಯಿಂದ ಹೊರಬಂತು. ಹಿಡಿಯುವವರು ಬಂದಾಗ ಮಾತ್ರ ಪಾಲಿಸಬೇಕಾದದ್ದು ಕಾನೂನು ಎಂಬ ಮನೋಭಾವ ಮಲೆನಾಡಿಗೆ ಹೊಸದಲ್ಲ. ಮರ ಕಡಿಯುವವರದೂ ಮರಳು ತೆಗೆಯುವವರದೂ ಇದೇ ತರ್ಕ. ಆ ಕೃತ್ಯಗಳನ್ನು ವಿರೋಧಿಸಿ ಸಭೆಗೆ ಬರುವ ಗಾಡಿಗಳ ಮೂತಿಯ ಮೇಲೂ ಗಾರ್ಡು ಮೆರೆಯುವುದುಂಟು. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು, ಆಗಲಿ.

ವಾರಾಂತ್ಯದಲ್ಲಿ ನಗರದಿಂದ ಬೆಟ್ಟ ಹತ್ತಲು ಬರುವ ದೈತ್ಯ ವಾಹನಗಳನ್ನು ನೋಡಿ ಹಳ್ಳಿಯ ಯುವಕರು ಈ ಸೋಗನ್ನು ಕಲಿತರೆಂದು ದೂರುವವರಿದ್ದಾರೆ. ಅರ್ಧ ನಿಜ. ಆದರೆ ಪ್ರವಾಸಿ ಭಾನುವಾರ ಸಂಜೆ ಹಿಂದಿರುಗುತ್ತಾನೆ. ಪಿಕಪ್ಪಿನವನು ವರ್ಷವಿಡೀ ಅದೇ ರಸ್ತೆಯಲ್ಲಿ ಓಡುತ್ತಾನೆ. ಅದರ ಅಂಚಿನಲ್ಲಿ ನಡೆಯುವವರು ಅವನ ಅಕ್ಕಂದಿರು, ಅವನ ಮಕ್ಕಳು, ಅವನ ನೆರೆಮನೆಯ ದನಗಳು. ವೆಲ್ಡಿಂಗ್ ಅಂಗಡಿಯವನ ಹೊಟ್ಟೆಪಾಡಿನ ಪ್ರಶ್ನೆಯೂ ಏಳುತ್ತದೆ. ಗೇಟು, ಅಡಿಕೆ ಒಣಗಿಸುವ ಮನೆಯ ಚೌಕಟ್ಟು, ಪಿಕಪ್ಪಿನ ಹಿಂಭಾಗದಲ್ಲಿ ಹೊರೆ ಜಾರದಂತೆ ಕಟ್ಟಲು ಕೊಂಡಿಗಳು, ಕೆಲಸಕ್ಕೇನು ಬರವಿಲ್ಲ.

ಗ್ರಾಮ ಪಂಚಾಯಿತಿ, ಸಹಕಾರಿ ಸಂಘ, ಹಾಲಿನ ಡೇರಿ, ಶಾಲೆಗಳು ಬಾಡಿಗೆಗೆ ಪಡೆಯುವ ಗಾಡಿಗಳಿಗೆ ಮುಂಭಾಗದ ಗಾರ್ಡು ಇರಕೂಡದೆಂಬ ಒಂದು ಷರತ್ತನ್ನು ಹಾಕಲು ಯಾವ ಸರಕಾರಿ ಆದೇಶವೂ ಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ವಿಷಯ ನಡಾವಳಿಗೆ ಸೇರುತ್ತದೆ. ಬಿಚ್ಚುವ ಕೆಲಸಕ್ಕೆ ಬೇಕಾದದ್ದು ಒಂದು ಸ್ಪಾನರ್ ಸೆಟ್ ಮತ್ತು ಸ್ವಲ್ಪ ಸಮಯ. ಕಬ್ಬಿಣಕ್ಕೆ ಗುಜರಿಯವನು ತೂಕದ ಬೆಲೆ ಕೊಡುತ್ತಾನೆ. ಹಳೆಯ ಗ್ರಿಲ್ಲನ್ನು ಎಸೆದಿದ್ದರೆ ಡೀಲರಲ್ಲಿ ಹೊಸದನ್ನು ಕೇಳಿ ಪಡೆಯಬಹುದು. ಗಾರ್ಡಿಗೆಂದು ಕೊರೆದ ತೂತುಗಳಿಗೆ ಮಾತ್ರ ಮೊದಲ ಮಳೆಗೆ ಮುನ್ನ ತುಕ್ಕುನಿರೋಧಕ ಬಣ್ಣ ಬಳಿಸಿ ಮುಚ್ಚಿಸಬೇಕು, ಇಲ್ಲದಿದ್ದರೆ ಚಾಸಿಯ ತುದಿ ಅಲ್ಲಿಂದಲೇ ಕೊಳೆಯತೊಡಗುತ್ತದೆ.